ನಾಗರಖಂಡದ ನಿಸಿದಿಗಲ್ಲುಗಳು ಮತ್ತು ಜೀವದ ಮುಂದಿನ ಪಯಣ

ಇಂದಿನ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಪೂರ್ವಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರದ ಒಳನಾಡುಗಳಾಗಿದ್ದುವು. ನಾಗರಖಂಡ ಎಪ್ಪತ್ತು, ಜಿಡ್ಡುಳಿಗೆ ಎಪ್ಪತ್ತು ಎಂಬ ಹೆಸರುಗಳು ಇಲ್ಲಿಯ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಅಡಕೆ, ಭತ್ತ, ಕೆರೆನೀರುಗಳಿಂದ ಸಮೃದ್ಧವಾಗಿದ್ದ ಈ ಸೀಮೆಯಲ್ಲಿ ಜಿನಧರ್ಮವು ಅರಮನೆಗಿಂತಲೂ ಹೆಚ್ಚಾಗಿ ಗಾವುಂಡರ ಮನೆಗಳಲ್ಲಿ ಬೇರೂರಿತ್ತು. ಆ ಗಾವುಂಡರೂ ಅವರ ಮಡದಿಯರೂ ಬಿಟ್ಟುಹೋದ ಗುರುತುಗಳಲ್ಲಿ ಬಸದಿಗಳು ಬಹುಪಾಲು ಬಿದ್ದುಹೋಗಿವೆ. ನಿಸಿದಿಗಲ್ಲುಗಳು ಮಾತ್ರ ಸಾಕಷ್ಟು ಉಳಿದಿವೆ. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೆಯ ಸಂಪುಟದಲ್ಲಿ (1902) ಶಿಕಾರಿಪುರದ ಶಾಸನಗಳನ್ನೂ 8ನೆಯ ಸಂಪುಟದಲ್ಲಿ (1904) ಸೊರಬದ ಶಾಸನಗಳನ್ನೂ ಪ್ರಕಟಿಸಿದ ಮೇಲೆ ಇವುಗಳ ಮಹತ್ವವು ವಿದ್ವಾಂಸರ ಗಮನಕ್ಕೆ ಬಂದಿತು.

ಮರಣಾನಂತರ ಜೀವಕ್ಕೆ ಏನಾಗುತ್ತದೆ, ಜೀವವೆಂಬುದು ನಿಜವಾಗಿ ಉಂಟೋ ಇಲ್ಲವೋ ಎಂಬ ಪ್ರಶ್ನೆ ಪಂಡಿತರ ಸಭೆಗೆ ಮಾತ್ರ ಸೇರಿದ್ದೆಂದು ಹಲವರು ಭಾವಿಸುತ್ತಾರೆ. ಸೊರಬ ತಾಲ್ಲೂಕಿನ ಹಿರೇಆವಲಿಯ ಕಲ್ಲುಗಳ ಮುಂದೆ ನಿಂತವರಿಗೆ ಆ ಭಾವನೆ ಉಳಿಯಲಾರದು. ಜಿಡ್ಡುಳಿಗೆ ನಾಡಿಗೆ ಸೇರಿದ್ದ ಈ ಒಂದೇ ಊರಿನಲ್ಲಿ ಇಪ್ಪತ್ತಕ್ಕೂ ಮಿಗಿಲಾದ ನಿಸಿದಿಗಲ್ಲುಗಳು ದೊರೆತಿವೆ. ಹೆಚ್ಚಿನವು ವಿಜಯನಗರದ ಆರಂಭಕಾಲದವು, ಎಂದರೆ 14ನೆಯ ಶತಮಾನ ಮತ್ತು 15ನೆಯ ಶತಮಾನದ ಮೊದಲ ಭಾಗದವು. ಊರ ಪ್ರಭುಗಳು, ಗೌಡರು, ಗೌಡಿಯರು ರಾಮಚಂದ್ರ ಮಲಧಾರಿಗಳೇ ಮೊದಲಾದ ಗುರುಗಳ ಶಿಷ್ಯರಾಗಿ ಪಂಚನಮಸ್ಕಾರವನ್ನು ಸ್ಮರಿಸುತ್ತ, ಸನ್ಯಸನ ವಿಧಿಯಿಂದ ದೇಹವನ್ನು ಬಿಟ್ಟರೆಂದು ಅವು ಹೇಳುತ್ತವೆ. ಸಂವತ್ಸರ, ಮಾಸ, ತಿಥಿ, ವಾರಗಳನ್ನು ತಪ್ಪದೆ ಕೊರೆಯಿಸಿದ್ದಾರೆ. ಹುಟ್ಟಿದ ದಿನವನ್ನು ಒಂದು ಕಲ್ಲೂ ಹೇಳುವುದಿಲ್ಲ. ಹೊರಟ ದಿನವನ್ನು ಎಲ್ಲವೂ ಎಚ್ಚರದಿಂದ ನಮೂದಿಸುತ್ತವೆ.

ಇಂತಹ ಕಲ್ಲುಗಳ ರಚನೆಯೂ ವಿಚಾರಾರ್ಹವಾಗಿದೆ. ಕೆಳಗಿನ ಪಟ್ಟಿಕೆಯಲ್ಲಿ ವ್ಯಾಸಪೀಠದ ಒಂದು ಪಕ್ಕ ಗುರು, ಇನ್ನೊಂದು ಪಕ್ಕ ಕೈಮುಗಿದು ಕುಳಿತ ಆರಾಧಕ. ಅದರ ಮೇಲೆ ದೇವಾಂಗನೆಯರೊಡನೆ ವಿಮಾನದಲ್ಲಿ ಏರುತ್ತಿರುವ ಜೀವ. ತುದಿಯಲ್ಲಿ ಮುಕ್ಕೊಡೆಯ ಕೆಳಗೆ ಪರ್ಯಂಕಾಸನದಲ್ಲಿರುವ ಜಿನೇಶ್ವರ. ಯುದ್ಧದಲ್ಲಿ ಮಡಿದವರ ವೀರಗಲ್ಲುಗಳಲ್ಲಿಯೂ ಇದೇ ದೇವಾಂಗನೆಯರನ್ನು ಕಾಣಬಹುದು. ಎರಡನ್ನೂ ಕೊರೆದ ಶಿಲ್ಪಿಗಳ ಪರಂಪರೆ ಒಂದೇ ಆಗಿದ್ದುದು ಇದಕ್ಕೆ ಕಾರಣವಾಗಿರಬೇಕು. ಸೊರಬದ ಉದ್ದರೆಯಲ್ಲಂತೂ, ಇಂದು ಉದ್ರಿ ಎಂದು ಕರೆಯುವ ಊರಿನಲ್ಲಿ, 14ನೆಯ ಶತಮಾನದ ಕೊನೆಯ ಭಾಗದಲ್ಲಿ ತಂದೆಯಾದ ಬೈಚಪ್ಪನು ರಣದಲ್ಲಿ ಬಿದ್ದು ಜಿನಪಾದವನ್ನು ಸೇರಿದನೆಂದೂ ಮಗ ಸಿರಿಯಣ್ಣನು ಸಮಾಧಿವಿಧಿಯಿಂದ ಮುಡಿಪಿದನೆಂದೂ ಶಾಸನಗಳಿವೆ. ಒಂದೇ ಮನೆಯ ಎರಡು ಬಗೆಯ ಸಾವುಗಳು ಇವು. ಎರಡಕ್ಕೂ ಕಲ್ಲು ಒಂದೇ ಗೌರವವನ್ನು ಕೊಟ್ಟಿದ್ದರೂ ಆಗಮವು ಹಾಗೆ ಕೊಡುವುದಿಲ್ಲವೆಂಬುದನ್ನು ಮರೆಯಬಾರದು.

ಜೀವವಿಲ್ಲವೆಂಬ ವಾದವನ್ನು ಆ ಕಾಲದ ಜೈನರು ಕೇಳಿಯೇ ಇರಲಿಲ್ಲವೆಂದು ತಿಳಿಯುವುದು ತಪ್ಪು. ಬನವಾಸಿಯ ಸೊಬಗನ್ನು ಹಾಡಿಹೊಗಳಿದ ಪಂಪನು 941ರಲ್ಲಿ ರಚಿಸಿದ ಆದಿಪುರಾಣದಲ್ಲಿ, ಅವನಿಗೆ ಆಕರವಾದ ಜಿನಸೇನಾಚಾರ್ಯರ ಮಹಾಪುರಾಣದಲ್ಲಿ, ಮಹಾಬಲ ರಾಜನ ಸಭೆಯ ಪ್ರಸಂಗವಿದೆ. ಮಹಾಮತಿ, ಸಂಭಿನ್ನಮತಿ, ಶತಮತಿ, ಸ್ವಯಂಬುದ್ಧರೆಂಬ ನಾಲ್ವರು ಮಂತ್ರಿಗಳು ಅಲ್ಲಿ ವಾದಕ್ಕೆ ನಿಲ್ಲುತ್ತಾರೆ. ಮಹಾಮತಿಯದು ಲೋಕಾಯತ. ಹಿಟ್ಟು, ಬೆಲ್ಲ ಮುಂತಾದವು ಕೂಡಿ ಕೊಳೆತಾಗ ಮದ್ಯದಲ್ಲಿ ಅಮಲು ಹುಟ್ಟುವಂತೆ ನಾಲ್ಕು ಭೂತಗಳು ಕೂಡಿದಾಗ ಚೈತನ್ಯ ಹುಟ್ಟುತ್ತದೆ, ಅವು ಬೇರ್ಪಟ್ಟಾಗ ಅಳಿಯುತ್ತದೆ. ಇಲ್ಲದ ಪರಲೋಕಕ್ಕಾಗಿ ಕೈಯಲ್ಲಿರುವ ಸುಖವನ್ನು ಬಿಡುವವನು ಮೂಢ ಎಂಬುದು ಅವನ ಪಕ್ಷ. ಇನ್ನಿಬ್ಬರಲ್ಲಿ ಒಬ್ಬನು ವಿಜ್ಞಾನವಾದಿ, ಮತ್ತೊಬ್ಬನು ಶೂನ್ಯವಾದಿ. ಸ್ವಯಂಬುದ್ಧನೊಬ್ಬನೇ ಜಿನಮತದ ಪಕ್ಷವನ್ನು ಹಿಡಿಯುತ್ತಾನೆ. ಎದುರಾಳಿಯ ಮಾತನ್ನು ಪೂರ್ಣವಾಗಿ ಆಡಲು ಬಿಟ್ಟು ಅನಂತರ ಉತ್ತರ ಹೇಳಿಸಿದ ಆಚಾರ್ಯರ ಧೈರ್ಯ ಸ್ತುತ್ಯರ್ಹವಾದುದು.

ಉತ್ತರದ ತಿರುಳು ಇಷ್ಟು. ದೇಹವು ಸ್ಪರ್ಶ, ರಸ, ಗಂಧ, ವರ್ಣಗಳುಳ್ಳ ಪುದ್ಗಲ. ತಾನು ಇದ್ದೇನೆಂಬ ಅರಿವು ಅದಕ್ಕಿಲ್ಲ. ಅರಿಯುವುದು, ನೋಡುವುದು ಜೀವದ ಲಕ್ಷಣ. ಇದನ್ನೇ ಉಪಯೋಗವೆಂದು ಕರೆದಿದ್ದಾರೆ. ಮದ್ಯದ ಸಾಮಗ್ರಿಯೂ ಜಡ, ಅಮಲು ತರುವ ಶಕ್ತಿಯೂ ಜಡ; ಜಡದಿಂದ ಜಡ ಹುಟ್ಟಿದ ದೃಷ್ಟಾಂತವು ಜಡದಿಂದ ಚೇತನ ಹುಟ್ಟಿತೆಂಬುದನ್ನು ಸಾಧಿಸಲಾರದು. ಇಂದಿನ ವಿಜ್ಞಾನವು ಮಿದುಳಿನ ವ್ಯಾಪಾರವನ್ನು ಎಷ್ಟೋ ಸೂಕ್ಷ್ಮವಾಗಿ ಅಳೆದಿದೆ. ಆದರೆ ಆ ವ್ಯಾಪಾರದೊಡನೆ ‘ನಾನು ಅರಿಯುತ್ತಿದ್ದೇನೆ’ ಎಂಬ ಅನುಭವ ಏಕೆ ಕೂಡಿರುತ್ತದೆ ಎಂಬ ಚರ್ಚೆ ಅಲ್ಲಿಯೂ ಮುಗಿದಿಲ್ಲ. ಮಹಾಮತಿಯ ವಂಶದವರು ಇಂದಿಗೂ ಇದ್ದಾರೆ. ಅವರನ್ನು ಬೈದು ಬಾಯಿ ಮುಚ್ಚಿಸುವುದು ಸ್ವಯಂಬುದ್ಧನ ಮಾರ್ಗವಲ್ಲ.

ಸ್ವಯಂಬುದ್ಧನು ತರ್ಕದೊಡನೆ ಕಥೆಗಳನ್ನೂ ಹೇಳುತ್ತಾನೆ. ಅವುಗಳಲ್ಲಿ ದಂಡನೆಂಬ ವಿದ್ಯಾಧರ ರಾಜನ ಕಥೆ ವ್ಯಾಪಾರಸ್ಥರೆಲ್ಲರೂ ಕೇಳತಕ್ಕದ್ದು. ಅವನು ಐಶ್ವರ್ಯದ ಮೋಹದಲ್ಲಿಯೇ ಸತ್ತು ತನ್ನ ಭಂಡಾರದಲ್ಲಿಯೇ ಹೆಬ್ಬಾವಾಗಿ ಹುಟ್ಟಿದನು. ಪೂರ್ವಜನ್ಮದ ಸ್ಮರಣೆಯಿಂದ ಮಗ ಮಣಿಮಾಲಿಯನ್ನೊಬ್ಬನನ್ನೇ ಒಳಗೆ ಬಿಡುತ್ತಿದ್ದನು. ಅವಧಿಜ್ಞಾನಿಗಳಾದ ಮುನಿಗಳಿಂದ ನಿಜವನ್ನು ತಿಳಿದ ಮಗನು ಹಾವಿಗೆ ಧರ್ಮವನ್ನು ಬೋಧಿಸಿದನು. ಆಹಾರವನ್ನೂ ದೇಹವನ್ನೂ ತೊರೆದ ಆ ಹಾವು ದೇವನಾಯಿತು. ಬೀಗದ ಕೈಗಳನ್ನು ದಿಂಬಿನ ಕೆಳಗಿಟ್ಟುಕೊಂಡು ಪ್ರಾಣ ಬಿಡುವವರ ಸಂತತಿ ಇನ್ನೂ ಮುಗಿದಿಲ್ಲ.

ಇನ್ನು ಸಾವಿನ ಕ್ಷಣದಲ್ಲಿ ನಡೆಯುವುದೇನು? ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯವು ಇದನ್ನು ಸ್ಪಷ್ಟವಾಗಿ ತಿಳಿಸಿದೆ. ಸ್ಥೂಲದೇಹ ಬಿದ್ದೊಡನೆ ಜೀವವು ತೈಜಸ, ಕಾರ್ಮಣ ಎಂಬ ಎರಡು ಸೂಕ್ಷ್ಮ ಶರೀರಗಳೊಡನೆ ಹೊರಡುತ್ತದೆ. ಈ ಪಯಣಕ್ಕೆ ವಿಗ್ರಹಗತಿಯೆಂದು ಹೆಸರು. ಅದಕ್ಕೆ ಹಿಡಿಯುವ ಕಾಲ ಕೆಲವೇ ಸಮಯಗಳು. ಸಮಯವೆಂದರೆ ಕಾಲದ ಅತ್ಯಂತ ಸೂಕ್ಷ್ಮ ಅಂಶ, ಕಣ್ಣು ರೆಪ್ಪೆ ಬಡಿಯುವುದರೊಳಗೆ ಎಣಿಸಲಾಗದಷ್ಟು ಸಮಯಗಳು ಕಳೆದುಹೋಗುತ್ತವೆ. ಮುಂದಿನ ಆಯುಷ್ಯಕರ್ಮವು ಈ ಜನ್ಮದಲ್ಲಿಯೇ ಕಟ್ಟಲ್ಪಟ್ಟಿರುವುದರಿಂದ ಹೋಗಬೇಕಾದ ಗತಿಯೂ ನಿಶ್ಚಿತವಾಗಿರುತ್ತದೆ. ಹಳೆಯ ಪುಸ್ತಕದ ಬಾಕಿಯನ್ನು ಹೊಸ ಪುಸ್ತಕದ ಮೊದಲ ಪುಟಕ್ಕೆ ಎಳೆದು ಬರೆಯುವಂತೆ ಇದು; ನಡುವೆ ಯಾರೂ ಕೈಯಾಡಿಸಲಾಗದು.

ಆದುದರಿಂದ ಸತ್ತವರ ಜೀವವು ಮನೆಯ ಸೂರಿನಲ್ಲಿ ಹಸಿದು ಕಾದಿರುತ್ತದೆ, ಪಿಂಡ ಇಟ್ಟ ಮೇಲೆ ಮುಂದಕ್ಕೆ ಸಾಗುತ್ತದೆ ಎಂಬ ನಂಬಿಕೆಗೆ ಜಿನಾಗಮದಲ್ಲಿ ಎಡೆಯಿಲ್ಲ. ಸೋಮದೇವಸೂರಿಗಳು 959ರಲ್ಲಿ ಮುಗಿಸಿದ ಯಶಸ್ತಿಲಕದಲ್ಲಿಯೂ ಶ್ರಾದ್ಧದ ಖಂಡನೆ ಬರುತ್ತದೆ. ಸೂತಕದ ಶುದ್ಧಿ ಬದುಕಿರುವವರಿಗೆ ಸಂಬಂಧಿಸಿದ್ದು. ದಾನ, ಪೂಜೆಗಳ ಪುಣ್ಯವೂ ಮಾಡಿದವರಿಗೇ. ಹೋದವರ ಹೆಸರಿನಲ್ಲಿ ಮಾಡುವುದು ಪ್ರೀತಿಯ ಸ್ಮರಣೆಯಾಗಿ ಒಳ್ಳೆಯದೇ. ಅವರ ಕರ್ಮದ ಲೆಕ್ಕ ಅದರಿಂದ ತೀರುವುದಿಲ್ಲ.

ನಿಸಿದಿಗಲ್ಲುಗಳನ್ನು ಈ ಸಿದ್ಧಾಂತದೊಡನೆ ಹೋಲಿಸಿದರೆ ಸ್ವಾರಸ್ಯವಾದ ಸಂಗತಿ ಕಾಣುತ್ತದೆ. ಬಹುತೇಕ ಕಲ್ಲುಗಳು ‘ಸ್ವರ್ಗವನ್ನು ಪಡೆದರು’ ಎಂದಷ್ಟೇ ಹೇಳುತ್ತವೆ. ಅದು ಆಗಮಕ್ಕೆ ಸರಿಯಾದ ಮಾತು. ಪಂಚಮಕಾಲದಲ್ಲಿ ಭರತಕ್ಷೇತ್ರದಿಂದ ನೇರವಾಗಿ ಮೋಕ್ಷವಿಲ್ಲ, ಸ್ವರ್ಗವೂ ಸಂಸಾರದ ಒಂದು ಗತಿಯೇ. ಕೆಲವು ಕಲ್ಲುಗಳು ಮಾತ್ರ ಪ್ರೀತಿಯ ಭರದಲ್ಲಿ ‘ಮುಕ್ತಿ’ ಎಂದುಬಿಟ್ಟಿವೆ. ಹಿರೇಆವಲಿಯಲ್ಲಿ 14ನೆಯ ಶತಮಾನದ ನಡುಗಾಲದ ಒಂದು ಕಲ್ಲು ಗಂಡನ ಸನ್ಯಸನದೊಡನೆ ಹೆಂಡತಿಯ ಸಹಗಮನವನ್ನೂ ಹೇಳುತ್ತದೆ. ಇಬ್ಬರ ಕರ್ಮಗಳು ಬೇರೆ, ಗತಿಗಳು ಬೇರೆ. ಒಟ್ಟಿಗೆ ಹೊರಟವರು ಒಟ್ಟಿಗೆ ಸೇರುತ್ತಾರೆಂಬ ಭರವಸೆ ಶಾಸ್ತ್ರದಲ್ಲಿಲ್ಲ. ನೆರೆಹೊರೆಯ ಆಚಾರವು ಶ್ರಾವಕರ ಮನೆಯೊಳಕ್ಕೆ ಹೊಕ್ಕುದಕ್ಕೆ ಇದೊಂದು ನಿದರ್ಶನ. ಇದನ್ನು ಮುಚ್ಚಿಡಬೇಕಾಗಿಲ್ಲ, ಕೊಂಡಾಡಬೇಕಾಗಿಯೂ ಇಲ್ಲ.

ಸಲ್ಲೇಖನವು ಆತ್ಮಹತ್ಯೆಯೆಂಬ ಆಕ್ಷೇಪ ಈಚೆಗೆ ನ್ಯಾಯಾಲಯದವರೆಗೂ ಹೋಯಿತು. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರಾ ವ್ರತವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಿತು. ಜೈನ ಸಮಾಜವು ದೇಶಾದ್ಯಂತ ಮೌನ ಮೆರವಣಿಗೆಗಳಲ್ಲಿ ತನ್ನ ನೋವನ್ನು ತೋರಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಈ ವ್ರತಕ್ಕೆ ಹಾಕಿರುವ ಕಟ್ಟುಗಳು ಕಡಿಮೆಯವಲ್ಲ. ಪರಿಹಾರವಿಲ್ಲದ ಉಪಸರ್ಗ, ಬರಗಾಲ, ಮುಪ್ಪು, ರೋಗ ಇವುಗಳಲ್ಲಿ ಒಂದು ಒದಗಿರಬೇಕು. ಗುರುಗಳ ಅನುಮತಿ ಬೇಕೆಂಬುದು ಸಂಪ್ರದಾಯ. ವೈರವನ್ನೂ ಮಮತೆಯನ್ನೂ ಬಿಟ್ಟು ಎಲ್ಲರಲ್ಲಿಯೂ ಕ್ಷಮೆ ಬೇಡಿರಬೇಕು. ಬೇಗ ಸಾಯಬೇಕೆಂದು ಹಂಬಲಿಸುವುದೇ ವ್ರತಕ್ಕೆ ಅತಿಚಾರ. ಇನ್ನಷ್ಟು ಬದುಕಬೇಕೆಂಬ ಆಸೆಯೂ, ಇದಕ್ಕೆ ಪ್ರತಿಯಾಗಿ ಇಂಥ ಭೋಗ ದೊರೆಯಲೆಂಬ ನಿದಾನವೂ ಹಾಗೆಯೇ. ಬದುಕಿಗೆ ಬೇಸತ್ತು ಕೆರೆಗೆ ಹಾರುವವನಿಗೂ ಇದಕ್ಕೂ ಏನು ಸಂಬಂಧ?

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನವನ್ನು ಈ ಕಟ್ಟುಗಳನ್ನು ನೆನಪಿನಲ್ಲಿಟ್ಟುಕೊಂಡು ಓದಬೇಕು. ಶಾಂತಿನಾಥ ಬಸದಿ ಇಂದು ಶಿಥಿಲವಾಗಿ ನಿಂತಿರುವ ಈ ಊರು ಹಿಂದೆ ಬಂದಣಿಕೆಯೆಂಬ ಪ್ರಸಿದ್ಧ ತೀರ್ಥವಾಗಿತ್ತು. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಳ್ಳಲು ಆ ಅಧಿಕಾರವು ಅವನ ಪತ್ನಿ ಜಕ್ಕಿಯಬ್ಬೆಗೆ ದೊರೆಯಿತು. ಆಕೆ ನಾಡನ್ನು ಚೆನ್ನಾಗಿ ಆಳಿದಳೆಂದು ಶಾಸನವು ಮೆಚ್ಚಿ ಬರೆದಿದೆ. 10ನೆಯ ಶತಮಾನದ ಎರಡನೆಯ ದಶಕದಲ್ಲಿ ದೇಹಕ್ಕೆ ವ್ಯಾಧಿ ತಟ್ಟಿದಾಗ ಆಕೆ ಅಧಿಕಾರಕ್ಕಾಗಲಿ ಭಂಡಾರಕ್ಕಾಗಲಿ ಅಂಟಿಕೊಳ್ಳಲಿಲ್ಲ. ಮಗಳನ್ನು ಕರೆಯಿಸಿ ಎಲ್ಲವನ್ನೂ ಆಕೆಗೆ ಒಪ್ಪಿಸಿದಳು. ಅನಂತರ ಬಂದಣಿಕೆಯ ತೀರ್ಥಕ್ಕೆ ಬಂದು, ಬಸದಿಯಲ್ಲಿ ವ್ರತವನ್ನು ಕೈಗೊಂಡು ಮುಡಿಪಿದಳು.