ಚರೆಯ ಗೋಪುರವೂ ವಿದ್ಯುತ್ ಬೈರಿಗೆಯೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪೂರ್ವಭಾಗದಲ್ಲಿ, ಮೇರಿಲೆಂಡ್ ಪ್ರಾಂತಕ್ಕೆ ಸೇರಿದ ಬಾಲ್ಟಿಮೋರ್ ಎಂಬ ರೇವುಪಟ್ಟಣವುಂಟು. ಅಲ್ಲಿಯ ಫೇಯೆಟ್ ಬೀದಿಯಲ್ಲಿ ಇಟ್ಟಿಗೆಯ ದುಂಡುಗೋಪುರವೊಂದು ನಿಂತಿರುವುದು. ಹೊಸಬರು ಅದನ್ನು ದೀಪಸ್ತಂಭವೆಂದೋ ಕಾರ್ಖಾನೆಯ ಹೊಗೆಗೂಡೆಂದೋ ಬಗೆಯಬಹುದು. ಅದು ಎರಡೂ ಅಲ್ಲ. ಬಂದೂಕಿಗೆ ತುಂಬುವ ಸೀಸದ ಚರೆಗಳನ್ನು ಮಾಡುವುದಕ್ಕಾಗಿಯೇ 1828ರಲ್ಲಿ ಎತ್ತಿದ ಕಟ್ಟಡ. ಎಂಬತ್ತೆಂಟು ವರ್ಷಗಳ ತರುವಾಯ ಇದೇ ಊರಿನಲ್ಲಿ, ಪಿಸ್ತೂಲಿನ ಆಕಾರವನ್ನು ತಳೆದ ವಿದ್ಯುತ್ ಬೈರಿಗೆಯೊಂದು ಹುಟ್ಟಿತು. ಊರಿನ ಹಳೆಯ ಗೋಡೆಗಳ ಅಳಿವು ಉಳಿವುಗಳಲ್ಲಿ ಆ ಬೈರಿಗೆಯ ವಂಶಕ್ಕೂ ಪಾಲುಂಟು.

ಚರೆ ಮಾಡುವ ಉಪಾಯವು ಇಂಗ್ಲೆಂಡಿನ ಬ್ರಿಸ್ಟಲ್ ನಗರದ್ದು; ವಿಲಿಯಂ ವಾಟ್ಸ್ ಎಂಬವರು 1782ರಲ್ಲಿ ಅದಕ್ಕೆ ಹಕ್ಕುಪತ್ರವನ್ನು ಪಡೆದರು. ಕರಗಿದ ಸೀಸವನ್ನು ಗೋಪುರದ ನೆತ್ತಿಯಲ್ಲಿ ಜರಡಿಯ ಮೂಲಕ ಸುರಿಯುವರು. ಗಾಳಿಯಲ್ಲಿ ಇಳಿದು ಬರುವಷ್ಟರಲ್ಲಿ ಒಂದೊಂದು ಹನಿಯೂ ತಾನಾಗಿಯೇ ದುಂಡಗಾಗಿ, ಬಿಗಿದು, ತಳದ ತಣ್ಣೀರಿನ ತೊಟ್ಟಿಯಲ್ಲಿ ಮುಳುಗುವುದು. ಹನಿಯು ದುಂಡಗಾಗುವುದಕ್ಕೆ ಅವಕಾಶ ಬೇಕು. ಆದುದರಿಂದಲೇ ಗೋಪುರಕ್ಕೆ 234 ಅಡಿಗಳ ಎತ್ತರ. ಜೇಕಬ್ ವುಲ್ಫ್ ಎಂಬ ಮೇಸ್ತ್ರಿ ಹೊರಗಡೆ ಸಾರುವೆಯನ್ನೇ ಕಟ್ಟದೆ, ಸುಮಾರು ಹನ್ನೊಂದು ಲಕ್ಷ ಇಟ್ಟಿಗೆಗಳನ್ನು ಸುಮಾರು ಆರು ತಿಂಗಳಲ್ಲಿ ಏರಿಸಿ ಮುಗಿಸಿದನು. ಬುಡದಲ್ಲಿ ನಾಲ್ಕೂವರೆ ಅಡಿ ದಪ್ಪವಿರುವ ಗೋಡೆಯು ಮೆಟ್ಟಲು ಮೆಟ್ಟಲಾಗಿ ತೆಳುವಾಗುತ್ತ ತುದಿಯಲ್ಲಿ 21 ಅಂಗುಲಕ್ಕೆ ನಿಲ್ಲುವುದು. ಅದರ ಅಸ್ತಿಭಾರದ ಕಲ್ಲನ್ನಿಟ್ಟವರು ಚಾರ್ಲ್ಸ್ ಕ್ಯಾರಲ್. ಅಮೆರಿಕಾದ ಸ್ವಾತಂತ್ರ್ಯಘೋಷಣೆಗೆ ರುಜು ಹಾಕಿದವರ ಪೈಕಿ ಆಗ ಜೀವಂತರಾಗಿ ಉಳಿದಿದ್ದವರು ಅವರೊಬ್ಬರೇ.

1892ರ ವೇಳೆಗೆ ಚರೆಯ ವ್ಯಾಪಾರವು ಬಿದ್ದುಹೋಯಿತು. 1904ರ ಮಹಾಗ್ನಿಯು ಪಟ್ಟಣದ ನಡುಭಾಗವನ್ನು ಸುಟ್ಟು ಜೋನ್ಸ್ ಫಾಲ್ಸ್ ಹೊಳೆಯ ದಡದಲ್ಲಿ ತಣಿದುದರಿಂದ, ಆಚೆಯ ಗೋಪುರವು ಉಳಿಯಿತು. ಬೆಂಕಿ ಬಿಟ್ಟುದನ್ನು ವ್ಯಾಪಾರವು ಬಿಡಲೊಲ್ಲದು. 1921ರಲ್ಲಿ ಎಣ್ಣೆಯ ಕಂಪನಿಯೊಂದು ಗೋಪುರವನ್ನು ಕೊಂಡು, ಕೆಡವಿ, ಅಲ್ಲಿ ಮೋಟಾರುಗಳಿಗೆ ಪೆಟ್ರೋಲು ಮಾರುವ ಕಟ್ಟೆಯನ್ನು ಮಾಡಲೆಳಸಿತು. ಪುರಜನರು ಅದನ್ನು ವಿರೋಧಿಸಿ, ಹಣವನ್ನು ಕೂಡಿಸಿ, 1928ರಲ್ಲಿ ಗೋಪುರವನ್ನು ಬಿಡಿಸಿ ನಗರಸಭೆಗೆ ಒಪ್ಪಿಸಿದರು.

ಇನ್ನು ಬೈರಿಗೆಯ ಸಂಗತಿ. ವಿದ್ಯುತ್ತಿನಿಂದ ಕೊರೆಯುವ ಯಂತ್ರವು ಬಾಲ್ಟಿಮೋರಿನ ನಿರ್ಮಾಣವಲ್ಲ. 1889ರಲ್ಲಿಯೇ ಆಸ್ಟ್ರೇಲಿಯಾದ ಮೆಲ್ಬೋರ್ನಿನಲ್ಲಿ ಅದಕ್ಕೆ ಹಕ್ಕುಪತ್ರವಾಗಿತ್ತು. 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ಫೈನ್ ಕಾರ್ಖಾನೆಯವರು ಕೈಯಲ್ಲಿ ಹಿಡಿಯುವಂಥದನ್ನೂ ಮಾಡಿದ್ದರು. ಆದರೆ ಅದನ್ನು ಹಿಡಿದು ಒತ್ತುವುದಕ್ಕೇ ಎರಡು ಕೈಗಳೂ ಎದೆಯೂ ಬೇಕಾಗುತ್ತಿದ್ದುವು. ನಮ್ಮ ಬಡಗಿಯು ಒಂದು ಕೈಯಿಂದ ಬೈರಿಗೆಯ ತಲೆಯನ್ನೊತ್ತಿ, ಇನ್ನೊಂದರಿಂದ ಹುರಿ ಸುತ್ತಿದ ಕಮಾನನ್ನು ಎಳೆಯುವುದನ್ನು ಕಂಡವರಿಗೆ ಈ ತೊಡಕು ಅರ್ಥವಾಗದೆ ಇರದು. ಬಾಲ್ಟಿಮೋರಿನ ಡಂಕನ್ ಬ್ಲ್ಯಾಕ್ ಮತ್ತು ಅಲಾಂಜೋ ಡೆಕರ್ ಎಂಬ ಗೆಳೆಯರು 1910ರಲ್ಲಿ ತಲಾ 600 ಡಾಲರುಗಳನ್ನು ಹಾಕಿ ಒಂದು ಯಂತ್ರಶಾಲೆಯನ್ನು ತೆರೆದಿದ್ದರು. ಒಬ್ಬರು ತಮ್ಮ ಮೋಟಾರು ಗಾಡಿಯನ್ನು ಮಾರಿದರು, ಇನ್ನೊಬ್ಬರು ಮನೆಯನ್ನು ಅಡವಿಟ್ಟರು. 1916ರಲ್ಲಿ ಅವರು ಹೊರತಂದ ಬೈರಿಗೆಗೆ ಪಿಸ್ತೂಲಿನ ಹಿಡಿಯೂ ಕುದುರೆಯೂ ಇದ್ದುವು. ಕುದುರೆಯನ್ನೊತ್ತಿದರೆ ತಿರುಗುವುದು, ಬಿಟ್ಟರೆ ನಿಲ್ಲುವುದು. ಹಿಡಿದ ಕೈಯೇ ನಡೆಸುವ ಕೈಯೂ ಆಯಿತು. ಮರುವರ್ಷ ಅದಕ್ಕೆ ಹಕ್ಕುಪತ್ರವೂ ದೊರೆಯಿತು.

ಆದರೂ ಅದು ಬಹುಕಾಲ ಕಾರ್ಖಾನೆಯ ಉಪಕರಣವಾಗಿಯೇ ಉಳಿಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುದ್ಧಸಾಮಗ್ರಿಯ ಕಾರ್ಖಾನೆಗಳ ಕೆಲಸಗಾರರು ಬೈರಿಗೆಗಳನ್ನು ಸದ್ದಿಲ್ಲದೆ ಮನೆಗೆ ಒಯ್ಯುತ್ತಿರುವರೆಂದು ತಿಳಿದುಬಂದಿತು. ಅದನ್ನು ಕಳವೆಂದು ಮಾತ್ರ ಎಣಿಸದೆ ಗಿರಾಕಿಯ ಬೇಡಿಕೆಯೆಂದು ಓದಿಕೊಂಡುದೇ ಆ ಕಂಪನಿಯ ಜಾಣತನ! 1946ರಲ್ಲಿ ಗೃಹಸ್ಥರಿಗೆಂದೇ ಸಣ್ಣ ಬೈರಿಗೆಯು ಅಂಗಡಿಗೆ ಬಂದಿತು.

ಅಂಥ ಗೃಹಸ್ಥರಿಗೆ ಬಾಲ್ಟಿಮೋರು ತಾನೇ ದೊಡ್ಡ ಕೆಲಸವನ್ನು ಒದಗಿಸಿತು. ಹಾಳುಬಿದ್ದು ನಗರಸಭೆಯ ವಶವಾಗಿದ್ದ ಹಳೆಯ ಸಾಲುಮನೆಗಳನ್ನು, ದುರಸ್ತು ಮಾಡಿಕೊಂಡು ಅಲ್ಲಿಯೇ ವಾಸಮಾಡುವೆವೆಂದು ಒಪ್ಪುವವರಿಗೆ, ಒಂದೊಂದು ಡಾಲರಿಗೆ ಕೊಡುವ ಯೋಜನೆಯು 1973ರಲ್ಲಿ ಮೊದಲಾಯಿತು. ಗೋಪುರಕ್ಕೆ ದೂರವಲ್ಲದ ಸ್ಟರ್ಲಿಂಗ್ ಬೀದಿಯ ಮನೆಗಳು ಮೊದಲು ಹೋದುವು. ಆಮೇಲೆ ಆಟರ್‌ಬೈನ್ ಪೇಟೆಯ ನೂರಕ್ಕೂ ಮಿಕ್ಕ ಮನೆಗಳು ಚೀಟಿ ಎತ್ತಿ ಹಂಚಲ್ಪಟ್ಟುವು. ಡಾಲರು ಹೆಸರಿಗೆ ಮಾತ್ರ; ಸೂರು, ಕೊಳಾಯಿ, ತೊಲೆಗಳಿಗೆ ಸಾವಿರಗಟ್ಟಲೆ ಸಾಲವಾಗುತ್ತಿತ್ತು. ಕೆಲವರು ಗುತ್ತಿಗೆದಾರರನ್ನು ನೇಮಿಸಿದರೆ ಕೆಲವರು ತಾವೇ ಬೈರಿಗೆ ಗರಗಸಗಳನ್ನು ಹಿಡಿದರು.

ಆದರೆ ಇಂಥ ಗೋಡೆಗಳ ಸಂದುಗಳಲ್ಲಿರುವುದು ಸುಣ್ಣದ ಗಾರೆ. ಅದು ಇಟ್ಟಿಗೆಗಿಂತ ಮೃದು. ಗೋಡೆಯ ತೇವವನ್ನು ಹೊರಗೆ ಬಿಡುವುದು, ಚಳಿಬಿಸಿಲುಗಳ ಹಿಗ್ಗು ಕುಗ್ಗುಗಳನ್ನು ತಾನೇ ತಾಳಿಕೊಳ್ಳುವುದು. ಸವೆದ ಗಾರೆಯನ್ನು ಬಿಡಿಸಲು ಅವಸರದಲ್ಲಿ ವಿದ್ಯುತ್ತಿನ ಸಾಣೆಚಕ್ರವನ್ನು ಹಾಯಿಸಿದರೆ, ಅದು ಗಾರೆಯನ್ನು ಮೀರಿ ಇಟ್ಟಿಗೆಯ ಅಂಚನ್ನೇ ಕತ್ತರಿಸಿಬಿಡುವುದು. ಮೇಲಿನ ಸುಟ್ಟ ಚರ್ಮವು ಒಮ್ಮೆ ಹೋದರೆ ಒಳಗಿನ ಮೆತ್ತನೆಯ ಭಾಗವು ನೀರು ಕುಡಿದು ಉದುರತೊಡಗುವುದು. ಆ ಸಂದಿಗೆ ಗಟ್ಟಿಯಾದ ಸಿಮೆಂಟನ್ನು ತುಂಬಿದರಂತೂ ಮುಂದಿನ ಚಳಿಗಾಲಗಳಲ್ಲಿ ಬಿರಿಯುವುದು ಸಿಮೆಂಟಲ್ಲ, ಇಟ್ಟಿಗೆ. ಆದುದರಿಂದ ಚಾರಿತ್ರಿಕ ಕಟ್ಟಡಗಳ ರಕ್ಷಣೆಯಲ್ಲಿ ನುರಿತವರು, ಅಡ್ಡ ಸಂದುಗಳಲ್ಲಿ ಮಾತ್ರ, ಅದೂ ಪಳಗಿದ ಕೈಗೆ ಮಾತ್ರ, ಯಂತ್ರವನ್ನು ಕೊಡುವರು. ಇಟ್ಟಿಗೆ ಇಟ್ಟಿಗೆಗಳ ನಡುವಣ ಗಿಡ್ಡನೆಯ ಲಂಬ ಸಂದುಗಳಿಗೆ ಈಗಲೂ ಸುತ್ತಿಗೆ ಮತ್ತು ಸಣ್ಣ ಉಳಿಯೇ ಬೇಕು.