ಗಟ್ಟಿಯಾದ ಅಲ್ಯೂಮಿನಿಯಂ ಬಾಳಿಕೆಯೂ ಬರುತ್ತದೆಯೇ?

ಅಲ್ಯೂಮಿನಿಯಂ ಹಗುರ, ಆದರೆ ಶುದ್ಧ ರೂಪದಲ್ಲಿ ಬಲು ಮೆದು. ತಾಮ್ರ, ಸತು, ಮೆಗ್ನೀಸಿಯಂ ಬೆರೆಸಿ ಅದನ್ನು ಗಟ್ಟಿ ಮಾಡುವ ವಿದ್ಯೆಗೆ ನೂರು ವರ್ಷ ದಾಟಿದೆ. ಲೋಹದೊಳಗಿನ ಹರಳುಗಳನ್ನೇ ನುಣ್ಣಗೆ ಒಡೆಯುವುದು ಇನ್ನೊಂದು ದಾರಿ. ಅದೇ ತೀವ್ರ ಪ್ಲಾಸ್ಟಿಕ್ ವಿರೂಪಣೆ. ಈ ಕ್ಷೇತ್ರದ ಇತಿಹಾಸ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಗಡಸುತನ ಹೆಚ್ಚುವುದು ಬಹುಮಟ್ಟಿಗೆ ಖಚಿತ, ನಶಿಸುವಿಕೆಯನ್ನು ತಡೆಯುವ ಶಕ್ತಿ ಮಾತ್ರ ಹರಳಿನ ಗಾತ್ರವೊಂದರಿಂದಲೇ ತೀರ್ಮಾನವಾಗುವುದಿಲ್ಲ.

ಹಾರ್ವರ್ಡ್‌ನ ಪರ್ಸಿ ಬ್ರಿಜ್‌ಮನ್ 1930ರ ದಶಕದಲ್ಲೇ ಭಾರೀ ಒತ್ತಡದಡಿ ಲೋಹಗಳನ್ನು ತಿರುಚಿ ನೋಡಿದ್ದರು. 1970ರ ದಶಕದಲ್ಲಿ ಮಿನ್ಸ್ಕ್‌ನ ವ್ಲಾದಿಮಿರ್ ಸೆಗಾಲ್ ಬಾಗಿದ ಸಮಗಾತ್ರದ ಕಾಲುವೆಯ ಮೂಲಕ ಲೋಹ ಒತ್ತುವ ವಿಧಾನ ರೂಪಿಸಿದರು. ಇಂದು ಅದರ ಹೆಸರು ಇಕ್ಯಾಪ್. ಉಕ್ಕಿನ ಡೈಯೊಳಗೆ ಒಂದೇ ಅಳತೆಯ ಎರಡು ಕಾಲುವೆಗಳು ಲಂಬಕೋನದಲ್ಲಿ ಕೂಡುತ್ತವೆ. ಪ್ರೆಸ್ ಒತ್ತಿದಾಗ ಸರಳು ಆ ಮೂಲೆಯಲ್ಲಿ ಜರುಗಿ ತಿರುಗಿ ಹೊರಬರುತ್ತದೆ. ರೊಟ್ಟಿ ಬಡಿದಂತೆ ಅದು ತೆಳ್ಳಗಾಗುವುದಿಲ್ಲ. ಅಡ್ಡಳತೆ ಇದ್ದಂತೆಯೇ ಇರುವುದರಿಂದ ಅದೇ ಸರಳನ್ನು ಮತ್ತೆ ಮತ್ತೆ ಹಾಯಿಸಬಹುದು. ಉಫಾ ನಗರದ ರುಸ್ಲಾನ್ ವಲಿಯೇವ್ ಮತ್ತು ಸಂಗಡಿಗರು ಇಂಥ ವಿಧಾನಗಳಿಂದ ಒಂದು ಮೈಕ್ರೋಮೀಟರಿಗೂ ಕಿರಿದಾದ ಹರಳುಗಳು ಸಿಗುತ್ತವೆಂದು ತೋರಿಸಿದ ಮೇಲೆ ಕ್ಷೇತ್ರ ವೇಗ ಪಡೆಯಿತು. 1990ರ ದಶಕದ ಕೊನೆಯಲ್ಲಿ ಒಸಾಕಾದ ಸಂಶೋಧಕರು ತಗಡುಗಳನ್ನು ಒಂದರ ಮೇಲೊಂದಿಟ್ಟು ರೋಲಿಂಗ್ ಮಾಡಿ, ಕತ್ತರಿಸಿ, ಮತ್ತೆ ಜೋಡಿಸುವ ಕ್ರಮ ತಂದರು.

ಗಡಸುತನ ಏರುವ ಕಾರಣ 1950ರ ದಶಕದ ಆರಂಭದಲ್ಲೇ ಹಾಲ್ ಮತ್ತು ಪೆಚ್ ಅವರ ಕೆಲಸದಿಂದ ತಿಳಿದಿತ್ತು. ಹರಳು ಕಿರಿದಾದಷ್ಟೂ ಗಡಿಗಳು ಹೆಚ್ಚುತ್ತವೆ, ಒಳಗಿನ ಜಾರಾಟಕ್ಕೆ ತಡೆ ಬೀಳುತ್ತದೆ. ಒಸಾಕಾ ವಿಧಾನದ ಎಂಟು ಸುತ್ತುಗಳಲ್ಲಿ ವಾಣಿಜ್ಯ ಶುದ್ಧತೆಯ ಅಲ್ಯೂಮಿನಿಯಂನ ಕರ್ಷಣ ಬಲ ಮೂರು ಪಟ್ಟು ಮೀರಿ ಸುಮಾರು 300 ಮೆಗಾಪ್ಯಾಸ್ಕಲ್ ಮುಟ್ಟಿತು. ವಿಮಾನಗಳಿಗೆ ಬಳಸುವ 7075 ಮಿಶ್ರಲೋಹ ಒತ್ತಡದಲ್ಲಿ ತಿರುಚಿದಾಗ 1 ಗಿಗಾಪ್ಯಾಸ್ಕಲ್ ಬಲ ತೋರಿತೆಂದು 2010ರಲ್ಲಿ ವರದಿಯಾಯಿತು. ನಮ್ಮಲ್ಲೂ ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಎರಕದ ಅಲ್ಯೂಮಿನಿಯಂ-ಸತು-ಮೆಗ್ನೀಸಿಯಂ ಮಿಶ್ರಲೋಹಗಳನ್ನು ಇಕ್ಯಾಪ್‌ಗೆ ಒಡ್ಡಿ ಗಡಸುತನ ಹೆಚ್ಚುವುದನ್ನು ದಾಖಲಿಸಿದ್ದಾರೆ.

ನಶಿಸುವಿಕೆಯ ಕಥೆ ಇಷ್ಟು ನೇರವಲ್ಲ. ಅಲ್ಯೂಮಿನಿಯಂಗೆ ರಕ್ಷಣೆ ಅದರ ಮೇಲಿನ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ. ಉಪ್ಪುನೀರಿನ ಕ್ಲೋರೈಡ್ ಪೊರೆಯ ದುರ್ಬಲ ಜಾಗಗಳಲ್ಲಿ ತೂರುತ್ತದೆ. ಕಬ್ಬಿಣ ಅಥವಾ ತಾಮ್ರ ಹೆಚ್ಚಿರುವ ಕಣ ಅಲ್ಲಿದ್ದರೆ ಅದು ಕ್ಯಾಥೋಡ್ ಆಗಿ ನಿಲ್ಲುತ್ತದೆ, ಸುತ್ತಲಿನ ಅಲ್ಯೂಮಿನಿಯಂ ಕರಗಿ ಕುಳಿ ಬೀಳುತ್ತದೆ. ವಿರೂಪಣೆ ಇಂಥ ಕಣಗಳನ್ನು ಪುಡಿಮಾಡಿ ಹರಡಿದಾಗ ಕುಳಿಗಳು ಕಡಿಮೆಯಾಗಬಹುದು. 1050 ಅಲ್ಯೂಮಿನಿಯಂ ಮೇಲೆ ಕೊರಿಯಾದಲ್ಲಿ ನಡೆದ ಪ್ರಯೋಗಗಳು ಇದನ್ನು ಕಂಡವು. ಆದರೆ ಪೊರೆ ನಿಲ್ಲದ ತೀವ್ರ ಆಮ್ಲ ಅಥವಾ ಕ್ಷಾರದಲ್ಲಿ ಹೆಚ್ಚಿದ ಗಡಿಗಳೇ ಕರಗುವಿಕೆಗೆ ದಾರಿ ಮಾಡಿಕೊಡಬಲ್ಲವು. 2010ರಲ್ಲಿ ರಾಲ್‌ಸ್ಟನ್, ಬಿರ್ಬಿಲಿಸ್ ಮತ್ತು ಡೇವೀಸ್ ಹಲವು ಲೋಹಗಳ ಫಲಿತಾಂಶ ಜೋಡಿಸಿ ನೋಡಿದಾಗ ಇದೇ ಭೇದ ಕಂಡಿತು: ಪೊರೆ ನಿಲ್ಲುವೆಡೆ ಕಿರಿದಾದ ಹರಳು ಲಾಭಕರ, ನಿಲ್ಲದೆಡೆ ನಷ್ಟ.

ಫಲಿತಾಂಶಗಳು ಹೀಗೆ ಒಂದಕ್ಕೊಂದು ವಿರುದ್ಧವಿರುವಾಗ ಈ ವಿಧಾನವನ್ನು ನಂಬುವುದು ಹೇಗೆ ಎಂಬ ಆಕ್ಷೇಪವಿದೆ. ಮಿಶ್ರಲೋಹ, ಹಾಯಿಸಿದ ಸಲ, ಶಾಖೋಪಚಾರ, ಪರೀಕ್ಷೆಯ ದ್ರಾವಣ ಇವೆಲ್ಲ ಬೇರೆಬೇರೆ ಇದ್ದ ಪ್ರಯೋಗಗಳನ್ನು ಒಂದೇ ತಕ್ಕಡಿಗೆ ಹಾಕಿದ್ದರಿಂದ ಬಂದ ಗೊಂದಲ ಅದರಲ್ಲಿ ಬಹಳಷ್ಟಿದೆ. ಕಣಗಳು ಕಿರಿದಾದರೆ ಕುಳಿಯೂ ಕಿರಿದು, ಇನ್ನೇನು ಚಿಂತೆ ಎನ್ನುವವರೂ ಇದ್ದಾರೆ. ಆದರೆ ಸತು-ಮೆಗ್ನೀಸಿಯಂ ಮಿಶ್ರಲೋಹಗಳಲ್ಲಿ ವಿರೂಪಣೆಯ ಒತ್ತಾಸೆಯಿಂದ ಗಡಿಗಳ ಮೇಲೆ ಬೇಗ ಕೂಡುವ ಮೆಗ್ನೀಸಿಯಂ-ಸತು ಕಣಗಳು ತಾವೇ ಮೊದಲು ಕರಗುತ್ತವೆ. ಗಾತ್ರ ಕಿರಿದಾದರೂ ಗಡಿಯುದ್ದಕ್ಕೂ ಸಾಲುಗಟ್ಟಿದರೆ ಅಪಾಯ ತಪ್ಪದು.

ಆದ್ದರಿಂದ ಗಡಸುತನ ಅಳೆದ ಮಾದರಿಯನ್ನೇ, ಅದೇ ಶಾಖೋಪಚಾರದ ಸ್ಥಿತಿಯಲ್ಲಿ, ಅದು ದುಡಿಯಬೇಕಾದ ದ್ರಾವಣದಲ್ಲಿ ಪರೀಕ್ಷಿಸಬೇಕು. ಉಪ್ಪುಗಾಳಿಯ ಕರಾವಳಿ ಮತ್ತು ವಿಮಾನ ಕಟ್ಟುವ ಬೆಂಗಳೂರು ಎರಡೂ ಇರುವ ನಾಡಿಗೆ ಗಡಸುತನದ ಅಂಕಿ ಒಂದೇ ಸಾಲದು. ಗಡಸುತನ, ನಶಿಸುವಿಕೆ ಎರಡರ ಅಂಕಿಗಳೂ ಜೊತೆಗೆ ಪ್ರಕಟವಾದಾಗಲೇ ಈ ಲೋಹವನ್ನು ಎಲ್ಲಿ ಬಳಸಬಹುದೆಂದು ಎಂಜಿನಿಯರ್ ಧೈರ್ಯವಾಗಿ ಹೇಳಬಲ್ಲರು.