ಹಬ್ಬ ಮೊದಲು, ಬರಹ ಆಮೇಲೆ: ಕಥೋಲಿಕ ಆರಾಧನಾ ವರ್ಷದ ಚಿಂತನ ಸಾಹಿತ್ಯ

ಶುಭ ಶುಕ್ರವಾರದ ದಿನ ಜೆರುಸಲೇಮಿನಲ್ಲಿ ಶಿಲುಬೆಯ ಮರಕ್ಕೆ ಮುತ್ತಿಡಲು ಜನ ಸಾಲುಗಟ್ಟಿ ಬರುತ್ತಿದ್ದರು. ಹಿಂದೊಮ್ಮೆ ಯಾರೋ ಮುತ್ತಿಡುವ ನೆಪದಲ್ಲಿ ಮರವನ್ನೇ ಕಚ್ಚಿ ಒಂದು ಚೂರು ಕದ್ದೊಯ್ದನಂತೆ. ಅಂದಿನಿಂದ ಧರ್ಮಾಧ್ಯಕ್ಷರು ಮರದ ತುದಿಗಳನ್ನು ಬಿಗಿಯಾಗಿ ಹಿಡಿದು ಕೂರುವುದು, ಸುತ್ತ ಡೀಕನ್ನರು ಕಾವಲು ನಿಲ್ಲುವುದು ರೂಢಿಯಾಯಿತು. ಇದನ್ನು ಬರೆದಿಟ್ಟವಳು ಎಗೇರಿಯಾ. 380ರ ದಶಕದಲ್ಲಿ ಪಶ್ಚಿಮ ಯೂರೋಪಿನಿಂದ ಪವಿತ್ರ ನಾಡಿಗೆ ಹೋಗಿ, ಊರಿನಲ್ಲಿದ್ದ ತನ್ನ ಸೋದರಿಯರಿಗಾಗಿ ಕಂಡದ್ದನ್ನೆಲ್ಲ ಬರೆದ ಯಾತ್ರಿಕಳು. ಅವಳ ಬರಹದ ಹಸ್ತಪ್ರತಿ ಇಟಲಿಯ ಅರೆಝೋ ಪಟ್ಟಣದಲ್ಲಿ ಸಿಕ್ಕಿದ್ದು 1884ರಲ್ಲಿ, ಎಂದರೆ ಸುಮಾರು ಹದಿನೈದು ಶತಮಾನಗಳ ನಂತರ.

ಆರಾಧನಾ ವರ್ಷದ ಬಗ್ಗೆ ಕಥೋಲಿಕರು ಬರೆದದ್ದು ಬೆಟ್ಟದಷ್ಟಿದೆ. ಆಗಮನ ಕಾಲದಿಂದ ಕ್ರಿಸ್ತ ರಾಜನ ಹಬ್ಬದವರೆಗೆ ದಿನಕ್ಕೊಂದು ಚಿಂತನೆ, ಸಂತರ ಚರಿತ್ರೆ, ಪ್ರಬೋಧನೆ, ಮನೆಯಲ್ಲಿ ಓದುವ ಪುಸ್ತಕ, ಪತ್ರಿಕೆಯ ಅಂಕಣ. ಈ ಸಾಹಿತ್ಯದ ಉದ್ದಕ್ಕೂ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಜನ ಮೊದಲು ಹಬ್ಬ ಮಾಡುತ್ತಾರೆ. ಅದಕ್ಕೆ ಅರ್ಥ ಹೇಳುವವರು ಆಮೇಲೆ ಬರುತ್ತಾರೆ. ಜನ ಏನು ಮಾಡುತ್ತಿದ್ದಾರೆಂದು ಮೊದಲು ನೋಡಿ ಆಮೇಲೆ ಲೇಖನಿ ಹಿಡಿದವರ ಬರಹ ಉಳಿದಿದೆ. ಎಗೇರಿಯಾ ಅಂಥವರಲ್ಲಿ ಒಬ್ಬಳು. ಧರ್ಮಾಧ್ಯಕ್ಷರು ಗ್ರೀಕಿನಲ್ಲಿ ಬೋಧಿಸುವುದನ್ನು ಗುರುವೊಬ್ಬರು ಸಿರಿಯಾಕ್ ಭಾಷೆಗೆ ತಿರುಗಿಸಿ ಹೇಳುತ್ತಿದ್ದುದನ್ನೂ, ಲ್ಯಾಟಿನ್ ಮಾತ್ರ ಬಲ್ಲವರಿಗೆ ಪಕ್ಕದಲ್ಲಿದ್ದವರು ಬಿಡಿಸಿ ಹೇಳುತ್ತಿದ್ದುದನ್ನೂ ಅವಳು ಬಿಟ್ಟಿಲ್ಲ.

ಈ ಪರಂಪರೆಯ ಮೊದಲ ದೊಡ್ಡ ಜಗಳವೂ ತಾರೀಖಿನದೇ. ಏಷ್ಯಾ ಮೈನರಿನ ಕ್ರೈಸ್ತರು ಯೆಹೂದ್ಯರ ನಿಸಾನ್ ತಿಂಗಳ ಹದಿನಾಲ್ಕನೆಯ ದಿನ, ಅದು ಯಾವ ವಾರವೇ ಆಗಿರಲಿ, ಪಾಸ್ಖ (ಈಸ್ಟರ್) ಆಚರಿಸುತ್ತಿದ್ದರು. ರೋಮಿನವರಿಗೆ ಭಾನುವಾರವೇ ಆಗಬೇಕು. ಎರಡನೆಯ ಶತಮಾನದ ಕೊನೆಯಲ್ಲಿ ಪೋಪ್ ವಿಕ್ಟರ್ ಪೂರ್ವದವರನ್ನು ಸಭೆಯಿಂದ ಹೊರಗಿಡಲು ಹೊರಟಾಗ, ಲಿಯೋನ್ಸ್ ಪಟ್ಟಣದ ಇರೆನೇಯುಸ್ ಅಡ್ಡ ಬಂದು ಸಮಾಧಾನ ಹೇಳಿದರು: ಹಿಂದೆ ಸ್ಮಿರ್ನಾದ ಪಾಲಿಕಾರ್ಪರೂ ರೋಮಿನ ಅನಿಸೆಟಸರೂ ಈ ವಿಷಯದಲ್ಲಿ ಒಪ್ಪದಿದ್ದರೂ ಶಾಂತಿಯಿಂದಲೇ ಬೀಳ್ಕೊಂಡಿದ್ದರಲ್ಲ ಎಂದು. 325ರ ನೈಸಿಯಾ ಸಭೆ ಎಲ್ಲರಿಗೂ ಒಂದೇ ದಿನವೆಂದು ತೀರ್ಮಾನಿಸಿತು. ಸೋತ ಪಕ್ಷದಿಂದಲೇ ನಮಗೆ ಬಂದಿರುವುದು ಪಾಸ್ಖದ ಮೇಲಿನ ಅತಿ ಹಳೆಯ ಪ್ರಬೋಧನೆಗಳಲ್ಲೊಂದು, ಸಾರ್ದಿಸಿನ ಮೆಲಿಟೋ ಬರೆದದ್ದು. ಅದೂ ಶತಮಾನಗಳ ಕಾಲ ಕಣ್ಮರೆಯಾಗಿದ್ದು 1940ರಲ್ಲಿ ಅಚ್ಚಾಯಿತು. ಅದರ ಭಾಷೆ ಭವ್ಯ. ಯೆಹೂದ್ಯರ ಮೇಲೆ ಅದು ಹೊರಿಸುವ ಆರೋಪ ಮಾತ್ರ ಇಂದು ಓದುವವರಿಗೆ ಇರಿಸುಮುರಿಸು ತರುತ್ತದೆ, ತರಲೇಬೇಕು.

ಕ್ರಿಸ್ಮಸ್ ತಡವಾಗಿ ಬಂದ ಹಬ್ಬ. ಡಿಸೆಂಬರ್ 25ರ ಉಲ್ಲೇಖ ರೋಮಿನ 354ರ ಪಂಚಾಂಗವೊಂದರಲ್ಲಿ ಇದೆ. ಏಕೆ ಆ ದಿನ ಎಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಸೂರ್ಯನ ಹಬ್ಬದ ಜಾಗದಲ್ಲಿ ಕ್ರಿಸ್ತನ ಹಬ್ಬ ಬಂತೆಂದು 1889ರಲ್ಲಿ ಜರ್ಮನಿಯ ಉಸೆನರ್ ವಾದಿಸಿದರು. ಅದೇ ವರ್ಷ ಫ್ರಾನ್ಸಿನ ಲೂಯಿ ದುಶೇನ್ ಬೇರೆ ಲೆಕ್ಕ ಮುಂದಿಟ್ಟರು: ಕ್ರಿಸ್ತನ ಮರಣವೂ ಗರ್ಭಧಾರಣೆಯೂ ಮಾರ್ಚ್ 25ರಂದೇ ಎಂದು ನಂಬಿದವರು ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರು. 1986ರಲ್ಲಿ ಥಾಮಸ್ ಟ್ಯಾಲಿ ಈ ಎರಡನೆಯ ವಾದಕ್ಕೆ ಹೊಸ ಬಲ ತುಂಬಿದರು. ಪೌಲ್ ಬ್ರಾಡ್‌ಷಾ ಅಂಥ ವಿದ್ವಾಂಸರು ಆರಂಭಕಾಲದ ಬಗ್ಗೆ ಇಷ್ಟು ಖಚಿತವಾಗಿ ಮಾತಾಡುವುದೇ ತಪ್ಪೆನ್ನುತ್ತಾರೆ. ನನಗೂ ಬ್ರಾಡ್‌ಷಾ ಕಡೆಗೇ ಒಲವು.

ಆದರೆ ಪ್ರಬೋಧನೆ ಮಾಡುವವರು ವಿದ್ವಾಂಸರಿಗಾಗಿ ಕಾದು ಕೂರಲಿಲ್ಲ. ಸಂತ ಆಗಸ್ಟೀನರು ಆಫ್ರಿಕಾದ ತಮ್ಮ ಜನರಿಗೆ ಕ್ರಿಸ್ಮಸ್ ದಿನ ಸೂರ್ಯನನ್ನಲ್ಲ, ಸೂರ್ಯನನ್ನು ಮಾಡಿದವನನ್ನು ಪೂಜಿಸಿರೆಂದು ತಾಕೀತು ಮಾಡಿದರು. ಹಾಗೆ ಹೇಳಬೇಕಾಯಿತೆಂದರೆ ಕೇಳುಗರ ಮನಸ್ಸಿನಲ್ಲಿ ಏನಿತ್ತೆಂದು ಊಹಿಸಬಹುದು. 440ರಿಂದ 461ರವರೆಗೆ ಪೋಪರಾಗಿದ್ದ ಮಹಾ ಲಿಯೋ ಅವರಲ್ಲಿ ಈ ಬಗೆಯ ಬರಹ ಮೊದಲ ಬಾರಿಗೆ ಪೂರ್ಣ ರೂಪ ಪಡೆಯಿತು. ಅವರ ಸುಮಾರು ನೂರು ಪ್ರಬೋಧನೆಗಳು ಉಳಿದಿವೆ. ಕ್ರಿಸ್ಮಸ್, ತಪಸ್ಸುಕಾಲ, ಸ್ವರ್ಗಾರೋಹಣ ಹೀಗೆ ವರ್ಷದ ಚಕ್ರವನ್ನು ಹಿಡಿದೇ ಬಹುಪಾಲು ಸಾಗುತ್ತವೆ. ಕ್ರಿಸ್ತನ ಬದುಕಿನಲ್ಲಿ ಅಂದು ಕಣ್ಣಿಗೆ ಕಂಡದ್ದು ಇಂದು ಸಂಸ್ಕಾರಗಳಲ್ಲಿ ಮುಂದುವರಿದಿದೆ ಎಂಬ ಅವರ ನಿಲುವೇ ಹದಿನೈದು ಶತಮಾನಗಳ ಚಿಂತನೆಗೆ ತಳಪಾಯ. ನನಗೆ ಹೆಚ್ಚು ಹಿಡಿಸುವುದು ಡಿಸೆಂಬರಿನ ಉಪವಾಸದ ಮೇಲಿನ ಅವರ ಮಾತು. ಬೆಳೆ ಮನೆಗೆ ಬಂದ ಮೇಲೆ ಉಪವಾಸ ಮಾಡಿ, ಮಿಕ್ಕಿದ್ದನ್ನು ಬಡವರಿಗೆ ಹಂಚಿ ಎನ್ನುತ್ತಾರೆ. ಕಣಜ ತುಂಬಿದ ಹೊತ್ತಿಗೇ ಉಪವಾಸ ಹೇಳಲು ಹೊಲದ ಲೆಕ್ಕ ತಿಳಿದಿರಬೇಕು.

ಮಧ್ಯಯುಗದಲ್ಲಿ ದಾರಿ ಕವಲೊಡೆಯಿತು. ಒಂದು ಕಡೆ ಸಂಕೇತ ಬಿಡಿಸುವವರು. ಮೆಟ್ಸಿನ ಅಮಲಾರಿಯಸ್ 820ರ ದಶಕದಲ್ಲಿ ಪೂಜೆಯ ಪ್ರತಿ ಚಲನೆಗೂ ಒಂದು ಗೂಢಾರ್ಥ ಹಚ್ಚಿದರು. 838ರಲ್ಲಿ ಅವರ ವಿಚಾರಗಳಿಗೆ ಖಂಡನೆಯಾಯಿತು. ಆದರೂ ಆ ಶೈಲಿ ಸಾಯಲಿಲ್ಲ, ಹದಿಮೂರನೆಯ ಶತಮಾನದ ಗಿಯೋಮ್ ದುರಾಂದ್ ಬರೆದ ಬೃಹತ್ ಗ್ರಂಥದಲ್ಲಿ ಕೊಬ್ಬಿ ಬೆಳೆಯಿತು. 1459ರಷ್ಟು ಬೇಗನೆ ಮೈನ್ಸಿನಲ್ಲಿ ಅದು ಅಚ್ಚಾಯಿತೆಂದರೆ ಓದುಗರು ಎಷ್ಟಿದ್ದರೆಂದು ತಿಳಿಯುತ್ತದೆ. ಇನ್ನೊಂದು ಕಡೆ ಕತೆಗಾರರು. ಡೊಮಿನಿಕನ್ ಸಭೆಯ ಯಾಕೊಪೊ ದ ವರಾಜೆ 1260ರ ಆಸುಪಾಸಿನಲ್ಲಿ ಆಗಮನ ಕಾಲದಿಂದ ಆರಂಭಿಸಿ ವರ್ಷದ ಹಬ್ಬಗಳ ಕ್ರಮದಲ್ಲೇ ಸಂತರ ಕತೆಗಳನ್ನು ಜೋಡಿಸಿದರು. ‘ಸುವರ್ಣ ಪುರಾಣ’ ಎನ್ನಬಹುದಾದ ಆ ಪುಸ್ತಕದ ಸುಮಾರು ಸಾವಿರ ಹಸ್ತಪ್ರತಿಗಳು ಇಂದಿಗೂ ಉಳಿದಿವೆ. ಇತಿಹಾಸವಾಗಿ ಅದು ನಂಬಲರ್ಹವಲ್ಲ. ಡ್ರ್ಯಾಗನ್ನನ್ನು ಕೊಲ್ಲುವ ಸಂತ ಜಾರ್ಜನನ್ನು ಯೂರೋಪಿನ ಮಕ್ಕಳ ಮನಸ್ಸಿನಲ್ಲಿ ನೆಲೆಗೊಳಿಸಿದ್ದು ಮಾತ್ರ ಅದೇ.

ಮೃತರ ಸ್ಮರಣೆಯ ಕತೆಯೂ ಇದೇ ಕಾಲದ್ದು. ಕ್ಲೂನಿಯ ಮಠಾಧಿಪತಿ ಒಡಿಲೋ ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ, ಸರ್ವ ಸಂತರ ಹಬ್ಬದ ಮರುದಿನ ನವೆಂಬರ್ 2ರಂದು ಸಕಲ ಮೃತರಿಗಾಗಿ ಪ್ರಾರ್ಥಿಸಬೇಕೆಂದು ತಮ್ಮ ಮಠಗಳಿಗೆ ಆಜ್ಞೆ ಮಾಡಿದರು. ಕ್ಲೂನಿಯ ಶಾಖೆಗಳು ನೂರಾರು. ಆಚರಣೆ ತಾನಾಗಿ ಹಬ್ಬಿತು. ಹೆಸರಿರುವ ಸಂತರಿಗೆ ಒಂದು ದಿನ, ಹೆಸರು ಮರೆತುಹೋದ ನಮ್ಮ ಅಜ್ಜ ಅಜ್ಜಿಯರಿಗೆ ಮರುದಿನ: ಈ ಜೋಡಿಗಿಂತ ಜಾಣತನದ ಏರ್ಪಾಡು ಪಂಚಾಂಗದಲ್ಲಿ ಇನ್ನೊಂದಿಲ್ಲ. ಮುಂದೆ 1915ರಲ್ಲಿ, ಮಹಾಯುದ್ಧದ ಹೆಣಗಳ ನಡುವೆ, ಪೋಪ್ ಹದಿನೈದನೆಯ ಬೆನೆಡಿಕ್ಟ್ ಆ ದಿನ ಪ್ರತಿ ಗುರುವೂ ಮೂರು ಬಲಿಪೂಜೆ ಅರ್ಪಿಸಲು ಅನುಮತಿ ಕೊಟ್ಟರು.

ಟ್ರೆಂಟ್ ಸಭೆಯ ನಂತರದ ಎರಡು ಶತಮಾನಗಳನ್ನು ಬೇಗ ದಾಟಬಹುದು. 1570ರ ಪೂಜಾಗ್ರಂಥ ಬಹುಪಾಲನ್ನು ಒಂದೇ ಅಚ್ಚಿಗೆ ತಂದಿತು. ಬೋಲಾಂಡಿಸ್ಟರೆಂಬ ಯೇಸುಸಭೆಯ ವಿದ್ವಾಂಸರು ಸಂತರ ಕತೆಗಳಿಂದ ಕಟ್ಟುಕತೆಯನ್ನು ಸೋಸುವ ಕೆಲಸ ಹಿಡಿದು, 1643ರಲ್ಲಿ ಜನವರಿ ತಿಂಗಳ ಸಂತರಿಂದ ಪ್ರಕಟಣೆ ಶುರುಮಾಡಿದರು. ಮೂರು ಶತಮಾನ ದುಡಿದರೂ ಅವರ ಮಹಾಗ್ರಂಥ ವರ್ಷದ ಕೊನೆಯನ್ನು ಮುಟ್ಟಲಿಲ್ಲ.

ಈ ಸಾಹಿತ್ಯ ಗುರುಮಠದ ಗ್ರಂಥಾಲಯದಿಂದ ಸಾಮಾನ್ಯರ ಮನೆಗೆ ಇಳಿದದ್ದು ಪ್ರಾಸ್ಪರ್ ಗೆರಾಂಜೆಯಿಂದ. ಫ್ರಾನ್ಸಿನ ಕ್ರಾಂತಿಯಲ್ಲಿ ಮುಚ್ಚಿಹೋಗಿದ್ದ ಸೊಲೆಮ್ ಮಠವನ್ನು 1833ರಲ್ಲಿ ಮತ್ತೆ ತೆರೆದ ಈ ಬೆನೆಡಿಕ್ಟೀನ್ ಸನ್ಯಾಸಿ 1841ರಲ್ಲಿ ‘ಆರಾಧನಾ ವರ್ಷ’ದ ಮೊದಲ ಸಂಪುಟ ಹೊರತಂದರು. 1875ರಲ್ಲಿ ತೀರಿಕೊಂಡಾಗ ಒಂಬತ್ತು ಸಂಪುಟಗಳಾಗಿದ್ದವು. ಶಿಷ್ಯರು ಅದನ್ನು ಹದಿನೈದಕ್ಕೆ ಮುಟ್ಟಿಸಿದರು. ಗೆರಾಂಜೆ ಜಗಳಗಂಟ. ಫ್ರಾನ್ಸಿನ ಸ್ಥಳೀಯ ಪೂಜಾಪದ್ಧತಿಗಳನ್ನೆಲ್ಲ ಅಳಿಸಿ ರೋಮಿನದನ್ನೇ ನೆಲೆಗೊಳಿಸಬೇಕೆಂಬ ಹಟ ಅವರದು. ಆ ಹಟದಲ್ಲಿ ಕಳೆದುಹೋದದ್ದೂ ಉಂಟು. ಆದರೆ ಪೂಜೆಯ ಲ್ಯಾಟಿನ್ ಪ್ರಾರ್ಥನೆಗಳನ್ನು ಜನರ ಭಾಷೆಯಲ್ಲಿ ಬಿಡಿಸಿಟ್ಟು, ಪೂರ್ವ ಸಭೆಗಳ ಸ್ತೋತ್ರಗಳನ್ನೂ ಹುಡುಕಿ ತಂದು, ದಿನದಿನಕ್ಕೆ ಓದುವಂತೆ ಕೊಟ್ಟವರು ಅವರೇ. ಲಿಸ್ಯೂ ಪಟ್ಟಣದ ಮಾರ್ಟಿನ್ ಕುಟುಂಬದಲ್ಲಿ ಸಂಜೆ ಈ ಪುಸ್ತಕದ ಕೆಲವು ಪುಟ ಓದುತ್ತಿದ್ದರೆಂದು ಆ ಮನೆಯ ಕಿರಿಮಗಳು ತನ್ನ ಆತ್ಮಕಥೆಯಲ್ಲಿ ನೆನೆದಿದ್ದಾಳೆ. ಅವಳೇ ಮುಂದೆ ಸಂತ ತೆರೇಸಾ.

ಇಪ್ಪತ್ತನೆಯ ಶತಮಾನದಲ್ಲಿ ಗೆರಾಂಜೆಯ ಬೀಜ ಬೇರೆ ಬೇರೆ ನೆಲದಲ್ಲಿ ಮೊಳೆಯಿತು. ಆಸ್ಟ್ರಿಯಾದ ಪೀಯುಸ್ ಪಾರ್ಶ್ ಮೊದಲ ಮಹಾಯುದ್ಧದಲ್ಲಿ ಸೈನಿಕರ ಗುರುವಾಗಿದ್ದಾಗ, ಸಾಯಲಿರುವ ಹುಡುಗರಿಗೆ ತಾವು ಭಾಗವಹಿಸುವ ಪೂಜೆಯೇ ಅರ್ಥವಾಗದ್ದನ್ನು ಕಂಡರು. ಹಿಂದಿರುಗಿ ಕ್ಲೋಸ್ಟರ್‌ನೊಯ್‌ಬುರ್ಗಿನಲ್ಲಿ ಕೂತು ಸಾಮಾನ್ಯರಿಗಾಗಿ ವರ್ಷದ ದಿನಚರಿ ಬರೆದರು. ಜರ್ಮನಿಯ ಓದೋ ಕಾಸೆಲ್ ಬೇರೆಯೇ ಎತ್ತರದವರು. ಹಬ್ಬವೆಂದರೆ ಹಿಂದಿನ ಘಟನೆಯ ನೆನಪಷ್ಟೇ ಅಲ್ಲ, ಆ ಘಟನೆಯೇ ಆರಾಧನೆಯಲ್ಲಿ ಇಂದು ಪ್ರಸ್ತುತವಾಗುತ್ತದೆ ಎಂದು ಅವರು ವಾದಿಸಿದರು. 1947ರಲ್ಲಿ ಪೋಪ್ ಹನ್ನೆರಡನೆಯ ಪೀಯುಸ್ ತಮ್ಮ ವಿಶ್ವಪತ್ರದಲ್ಲಿ, ಆರಾಧನಾ ವರ್ಷವು ಗತಕಾಲದ ನಿರ್ಜೀವ ಚಿತ್ರಣವಲ್ಲವೆಂದು ಹೇಳಿದರು. ಕಾಸೆಲ್ ವಾದದ ಎಲ್ಲ ವಿವರಗಳನ್ನು ಮಾತ್ರ ಒಪ್ಪಲಿಲ್ಲ. ಮರುವರ್ಷದ ಮಾರ್ಚ್ 28, ಪಾಸ್ಖ ಜಾಗರಣೆಯಲ್ಲಿ ಕ್ರಿಸ್ತನ ಬೆಳಕನ್ನು ಸಾರಿದ ಬೆನ್ನಲ್ಲೇ ಕಾಸೆಲ್ ಕುಸಿದು ಪ್ರಾಣಬಿಟ್ಟರು.

ಅಮೆರಿಕದಲ್ಲಿ ಈ ಸಾಹಿತ್ಯ ಅಡುಗೆಮನೆ ಹೊಕ್ಕಿತು. ಫ್ಲಾರೆನ್ಸ್ ಬರ್ಗರ್ 1949ರಲ್ಲಿ ಹಬ್ಬಗಳ ಕ್ರಮದಲ್ಲೇ ಅಡುಗೆ ಪುಸ್ತಕ ಬರೆದರೆ, ಆಸ್ಟ್ರಿಯಾದಿಂದ ವಲಸೆ ಬಂದಿದ್ದ ಮರಿಯಾ ಫಾನ್ ಟ್ರ್ಯಾಪ್ 1955ರಲ್ಲಿ ತಮ್ಮ ಕುಟುಂಬದ ವರ್ಷಾಚರಣೆಯನ್ನೇ ಪುಸ್ತಕ ಮಾಡಿದರು. ವಿದ್ವಾಂಸರು ಇವನ್ನು ಈ ಪರಂಪರೆಯೊಳಗೆ ಎಣಿಸುವುದು ಕಡಿಮೆ. ದುರಾಂದರ ಗೂಢಾರ್ಥಗಳಿಗಿಂತ ಇವುಗಳಲ್ಲಿ ಹಬ್ಬ ಹೆಚ್ಚು ಇದೆ ಎಂಬುದು ನನ್ನ ಅನಿಸಿಕೆ.

ಎರಡನೆಯ ವ್ಯಾಟಿಕನ್ ಸಭೆ 1963ರಲ್ಲಿ ಪಾಸ್ಖ ರಹಸ್ಯವನ್ನೂ ಭಾನುವಾರವನ್ನೂ ವರ್ಷದ ನಡುವೆ ಮತ್ತೆ ಕೂರಿಸಿತು. 1969ರ ಹೊಸ ಪಂಚಾಂಗ ಮರುವರ್ಷ ಜನವರಿ 1ರಿಂದ ಜಾರಿಗೆ ಬಂತು. ಸಂತರ ಹಲವು ದಿನಗಳು ಸ್ಥಳೀಯ ಪಂಚಾಂಗಗಳಿಗೆ ಸರಿದವು, ತಪಸ್ಸುಕಾಲಕ್ಕೆ ಮುಂಚಿನ ಮೂರು ಭಾನುವಾರಗಳ ಪೀಠಿಕೆ ಹೋಯಿತು, ‘ಸಾಧಾರಣ ಕಾಲ’ ಹುಟ್ಟಿತು. ಭಾನುವಾರದ ವಾಚನಗಳು ಮೂರು ವರ್ಷದ ಚಕ್ರಕ್ಕೆ ಬಂದವು. ಚಿಂತನೆ ಬರೆಯುವವರಿಗೆ ಇದು ವರವೂ ಹೌದು, ಹೊರೆಯೂ ಹೌದು. ಹಬ್ಬವನ್ನು ಬಿಟ್ಟು ವಾಚನದ ವ್ಯಾಖ್ಯಾನಕ್ಕೇ ಎಲ್ಲರೂ ಮುಗಿಬಿದ್ದರು; ಋತು, ಉಪವಾಸ, ಹೊಲ, ಸಮಾಧಿ ಹಿಂದೆ ಸರಿದವು. ಮೇಲಿಂದ, ಇತ್ತೀಚೆಗೆ ಬಡವರ ದಿನ, ದೇವರ ವಾಕ್ಯದ ಭಾನುವಾರ, ಅಜ್ಜ ಅಜ್ಜಿಯರ ದಿನ ಎಂದು ವಿಷಯಾಧಾರಿತ ದಿನಗಳು ಹೆಚ್ಚಿವೆ. ಉದ್ದೇಶ ಒಳ್ಳೆಯದೇ. ಆದರೆ ಸುತ್ತೋಲೆಯಿಂದ ಹುಟ್ಟಿದ ದಿನ ಹಬ್ಬವಾಗಲು ಬಹಳ ಕಾಲ ಬೇಕು.

ನಮ್ಮ ಕಡೆ ಈ ಪರಂಪರೆಯ ಆರಂಭ ಗೋವೆಯಲ್ಲಿ. ಇಂಗ್ಲೆಂಡಿನಿಂದ ಬಂದ ಯೇಸುಸಭೆಯ ಥಾಮಸ್ ಸ್ಟೀಫನ್ಸ್ ಮರಾಠಿಯಲ್ಲಿ ರಚಿಸಿದ ‘ಕ್ರಿಸ್ತಪುರಾಣ’ 1616ರಲ್ಲಿ ಅಚ್ಚಾಯಿತು. ಅದೇ ಕಾವ್ಯ 1907ರಲ್ಲಿ ಮಂಗಳೂರಿನಲ್ಲಿ ಮರುಮುದ್ರಣ ಕಂಡದ್ದು ಕರಾವಳಿಯ ಕ್ರೈಸ್ತರಿಗೂ ಅದಕ್ಕೂ ಇದ್ದ ನಂಟಿಗೆ ಸಾಕ್ಷಿ. 1938ರಿಂದ ಮಂಗಳೂರಿನ ‘ರಾಕ್ಣೊ’ ವಾರಪತ್ರಿಕೆ ಕನ್ನಡ ಲಿಪಿಯ ಕೊಂಕಣಿಯಲ್ಲಿ ಹಬ್ಬ ಹಬ್ಬಕ್ಕೂ ಓದುಗರ ಕೈ ಸೇರುತ್ತ ಬಂದಿದೆ. 1967ರಲ್ಲಿ ಬೆಂಗಳೂರಿನಲ್ಲಿ ಡಿ. ಎಸ್. ಅಮಲೋರ್‌ಪವದಾಸ್ ಅವರ ನೇತೃತ್ವದಲ್ಲಿ ಶುರುವಾದ ರಾಷ್ಟ್ರೀಯ ಕೇಂದ್ರ ಆರಾಧನೆಗೆ ಭಾರತೀಯ ರೂಪ ಕೊಡುವ ಪ್ರಯೋಗ ನಡೆಸಿತು. ಆರತಿ, ದೀಪ, ನೆಲದ ಮೇಲೆ ಕೂರುವುದು ಮುಂತಾದವು ಪೂಜೆಯೊಳಗೆ ಬಂದವು.

ಆದರೆ ಜನರ ಪಂಚಾಂಗ ಅದಕ್ಕೂ ಮೊದಲೇ ಇಲ್ಲಿ ಬೇರು ಬಿಟ್ಟಿತ್ತು. ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನ್ಮದಿನ. ಕರಾವಳಿಯಲ್ಲಿ ಅದು ಮೊಂತಿ ಫೆಸ್ತ್, ಹೊಸ ಅಕ್ಕಿಯ ಹಬ್ಬ. ಅದರ ಆರಂಭವನ್ನು 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ ಗೋವೆಯ ಗುರು ಜೋಕಿಂ ಮಿರಾಂದಾ ಅವರಿಗೆ ಸಲ್ಲಿಸುವುದು ವಾಡಿಕೆ. ಒಂಬತ್ತು ದಿನ ಮಕ್ಕಳು ಹೂವು ತಂದು ಮಾತೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ತೆನೆ ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಹೊಸ ಭತ್ತದ ಕಾಳನ್ನು ಸಿಹಿಗೆ ಬೆರೆಸಿ, ಬಾಳೆಯೆಲೆಯಲ್ಲಿ ಬರೀ ತರಕಾರಿಯ ಊಟ. ಅದೇ ದಿನ ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ರಥೋತ್ಸವ, ಕೇಸರಿ ಸೀರೆಯುಟ್ಟ ಹರಕೆಯ ಭಕ್ತರು. ಒಂದೇ ತಾರೀಖು, ಎರಡು ಹಬ್ಬ. ಕಾರ್ಕಳದ ಅತ್ತೂರಿನಲ್ಲಿ ಸಂತ ಲಾರೆನ್ಸರ ಜಾತ್ರೆ ಜನವರಿಯಲ್ಲಿ ನಡೆಯುತ್ತದೆ. ಪಂಚಾಂಗದಲ್ಲಿ ಆ ಸಂತರ ದಿನ ಆಗಸ್ಟ್ 10, ತುಳುನಾಡಿನ ಜಡಿಮಳೆಯ ಕಾಲ. ಆಗಸ್ಟ್ 15ರ ಸ್ವರ್ಗಾರೋಪಣ ಹಬ್ಬ ಸ್ವಾತಂತ್ರ್ಯ ದಿನದೊಡನೆ ಬೆರೆತಿದೆ, ಬಲಿಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲೇ ಧ್ವಜಾರೋಹಣ. ಟಿಪ್ಪುವಿನ ಸೆರೆಯ ನೆನಪೂ ಹೀಗೆ ಪಂಚಾಂಗಕ್ಕೆ ಅಂಟಿಕೊಂಡಿದೆ: 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಒಯ್ಯಲು ಹಿಡಿದದ್ದು ಬೂದಿ ಬುಧವಾರ ಎಂದೇ ಮನೆತನಗಳ ನೆನಪು.

ಇಷ್ಟಿದ್ದೂ ನಮ್ಮಲ್ಲಿ ಬರುವ ಬಹಳಷ್ಟು ಚಿಂತನೆಗಳಲ್ಲಿ ಆಗಮನ ಕಾಲವೆಂದರೆ ಹಿಮ ಸುರಿಯುವ ಕತ್ತಲು, ಪಾಸ್ಖವೆಂದರೆ ಯೂರೋಪಿನ ವಸಂತ. ನಮಗೆ ಡಿಸೆಂಬರ್ ಕಣದ ಕಾಲ. ಪಾಸ್ಖ ಬರುವುದು ಬಾವಿ ಬತ್ತುವ ಬಿಸಿಲಿನಲ್ಲಿ. ಲಿಯೋ ತಮ್ಮ ಕೇಳುಗರ ಹೊಲ ನೋಡಿ ಮಾತಾಡಿದರು. ನಾವು ಅವರ ವಾರಸುದಾರರ ಪುಸ್ತಕ ನೋಡಿ ಬರೆಯುತ್ತಿದ್ದೇವೆ. ಅನುವಾದ ಸಾಕಷ್ಟಾಗಿದೆ. ನಿಮ್ಮ ಧರ್ಮಕೇಂದ್ರದ ಹಬ್ಬ ಆ ದಿನವೇ ಏಕೆ, ತೆನೆ ಯಾರ ಗದ್ದೆಯಿಂದ ಬರುತ್ತಿತ್ತು, ನವೆಂಬರ್ 2ರಂದು ಯಾರ ಸಮಾಧಿಗೆ ಮೊದಲ ಮೇಣದಬತ್ತಿ ಎಂದು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಈ ವರ್ಷದ ಆಗಮನ ಕಾಲ ಬರುವ ಮೊದಲೇ ಅವರನ್ನು ಕೇಳಿ, ಬರೆದು, ನಿಮ್ಮ ಊರಿನ ಚರ್ಚಿನ ಪತ್ರಿಕೆಗೆ ಕೊಡಿ.